ದಾರ ಬಿಚ್ಚಿದ ಹಾಳೆ

ನಿನ್ನನ್ನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲು ಮಾಡಿದವನು ನಾನು. ನೀನು ಫೇಲಾಗಿರಲಿಲ್ಲ. ಅದು ನನಗೆ ಮಾರನೇ ದಿನ ಬೆಳಗ್ಗೆಯೇ ಗೊತ್ತಾಯಿತು—ಗೊತ್ತಾಗಿಯೂ ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ.

ನೀನು ಹುಡುಗನೋ ಹುಡುಗಿಯೋ, ಯಾವ ಊರೋ, ಏನೂ ತಿಳಿಯದು. ನನ್ನ ಹತ್ತಿರ ಇರುವುದು ನೀನು ಬರೆದ ಒಂದು ಹಾಳೆ, ಅದರ ಮೂಲೆಯಲ್ಲಿ ನಿನ್ನ ರಿಜಿಸ್ಟರ್ ನಂಬರು. ಕೊನೆಯ ಎರಡು ಅಂಕಿ ಐವತ್ತೆಂಟು. ನೀರು ಬೆರೆಸಿದ ನೀಲಿ ಶಾಯಿ. ಬಾಟಲಿ ಮುಗಿಯುತ್ತ ಬಂದಾಗ ಹಾಗೆ ನೀರು ಹಾಕಿ ಬರೆದವನೇ ನಾನೂ.

ಎಪ್ಪತ್ತೈದರ ಬೇಸಿಗೆ. ನಾನಾಗ ಚಳ್ಳಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹುಟ್ಟಿ ಬೆಳೆದದ್ದು ಚಾಮರಾಜಪೇಟೆ, ಕೆಲಸ ಸಿಕ್ಕಿದ್ದು ಅಲ್ಲಿ. ವರ್ಷಕ್ಕೊಂದು ಸಲ, ಉತ್ತರಪತ್ರಿಕೆ ತಿದ್ದುವ ನೆಪದಲ್ಲಿ, ಸರ್ಕಾರವೇ ನನ್ನನ್ನು ಊರಿಗೆ ಕರೆಸಿಕೊಳ್ಳುತ್ತಿತ್ತು. ವ್ಯಾಲ್ಯುಯೇಷನ್ ಕ್ಯಾಂಪು ಅಂದರೆ ಬೇರೆ ಮೇಷ್ಟ್ರುಗಳಿಗೆ ತಲೆನೋವು, ನನಗೆ ಹಬ್ಬ! ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, ಟ್ರಂಕು ಹೊತ್ತು, ಅಕ್ಕಿಪೇಟೆ ದಾಟಿ ನಡೆದೇ ಬರುತ್ತಿದ್ದೆ. ಮೂಟೆ ಇಳಿಸುವವರ ಕೂಗು, ಗೋಣಿಯ ಧೂಳು—ಒಂದು ಸೀನು ಬಂತೆಂದರೆ 'ಸದ್ಯ, ಬಂದ್ಬಿಟ್ಟೆ' ಅನ್ನಿಸುತ್ತಿತ್ತು. ಅಕ್ಕನ ಮನೆಯಲ್ಲೇ ನನ್ನ ಠಿಕಾಣಿ. ಅವಳು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದಳು.

ಕ್ಯಾಂಪು ಬಸವನಗುಡಿಯ ಒಂದು ಶಾಲೆಯ ಹಾಲಿನಲ್ಲಿ. ಮುಖ್ಯ ಪರೀಕ್ಷಕರು ಶ್ಯಾಮಣ್ಣ ಮೇಷ್ಟ್ರು, ನನಗೆ ಗಣಿತ ಕಲಿಸಿದವರು. ಬೆಂಗಳೂರಿಗೆ ವರ್ಗ ಬೇಕೆಂದು ನಾನು ಹಾಕಿದ್ದ ಅರ್ಜಿಗೆ ಅವರದೊಂದು ಒಳ್ಳೆಯ ಮಾತು ಬೇಕಿತ್ತು. ಹಾಗಾಗಿ ಅವರ ಕಣ್ಣಿಗೆ ಚುರುಕಾಗಿ ಕಾಣಬೇಕೆಂಬ ಹುಚ್ಚು ನನಗೆ.

ಆ ಚುರುಕಿಗೆ ಒಂದು ಉಪಾಯವನ್ನೂ ಕಂಡುಕೊಂಡಿದ್ದೆ. ಮಕ್ಕಳು ಅಡಿಷನಲ್ ಹಾಳೆಗಳನ್ನು ಪತ್ರಿಕೆಗೆ ದಾರದಿಂದ ಕಟ್ಟಿರುತ್ತಾರಲ್ಲ—ಬಿಗಿಯಾಗಿ ಕಟ್ಟಿದರೆ ಪುಟ ತಿರುವುವುದೇ ಒದ್ದಾಟ. ನಾನು ಬೆಳಗ್ಗೆಯೇ ಇಡೀ ಕಟ್ಟಿನ ದಾರಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿಬಿಡುತ್ತಿದ್ದೆ. ತಿದ್ದಿ ಮುಗಿಸಿ, ಸಂಜೆ ಮತ್ತೆ ಕಟ್ಟುತ್ತಿದ್ದೆ. ಮಾಡಬಾರದ ಕೆಲಸ. ಆದರೆ ಎಲ್ಲರಿಗಿಂತ ಮೊದಲು ನನ್ನದೇ ಮುಗಿಯುತ್ತಿತ್ತು, ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು.

ನಿನ್ನ ಪತ್ರಿಕೆ ನನ್ನ ಕೈಗೆ ಬಂದ ದಿನ, ಸಂಜೆ ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಲ್ಲಿ ಸಂಗೀತ ಕಛೇರಿ. ಹಳೆಯ ಗೆಳೆಯ ನಾಗರಾಜ—ಅವನೂ ಮೇಷ್ಟ್ರೇ—ಪಕ್ಕದ ಡೆಸ್ಕಿನಿಂದ ಕಿಚಾಯಿಸುತ್ತಿದ್ದ: "ಬೇಗ ಮುಗಿಸು ಗುರು, ಪಾನಕ ಖಾಲಿ ಆಗ್ಬಿಡತ್ತೆ. ಅಲ್ಲಿ ಹಳ್ಳೀಲಿ ಕೂತು ಕೈ ನಿಧಾನ ಆಗೋಯ್ತಾ?" ಅಯ್ಯೋ, ನನಗೆ ನಿಧಾನ ಅನ್ನುವುದೇ! ಇನ್ನಷ್ಟು ಓಡಿದೆ. ಫ್ಯಾನಿನ ಗಾಳಿಗೆ ಬಿಡಿ ಹಾಳೆಗಳು ಹಾರಾಡುತ್ತಿದ್ದವು.

ನಿನ್ನ ಪತ್ರಿಕೆಯ ಕೊನೆಯ ಪುಟದ ಕೆಳಗೆ "ದಯವಿಟ್ಟು ಮುಂದಿನ ಹಾಳೆ ನೋಡಿ" ಎಂದು ನೀನು ಬರೆದಿದ್ದೆ. ತಿರುವಿದೆ. ಹಾಳೆ ಇರಲಿಲ್ಲ. ಹುಡುಕಬೇಕಿತ್ತು—ಡೆಸ್ಕಿನ ಕೆಳಗೆ ಒಮ್ಮೆ ಬಗ್ಗಿ, ಡೆಸ್ಕಿಗೆ ಹಾಸಿದ್ದ ನ್ಯೂಸ್‌ಪೇಪರನ್ನು ಎತ್ತಿ ನೋಡಿದ್ದರೆ... ನೋಡಲಿಲ್ಲ. 'ಉತ್ತರ ಬಾರದ್ದಕ್ಕೆ ಇದೊಂದು ಕಳ್ಳಾಟ' ಅಂದುಕೊಂಡು ಕೆಂಪು ಗೆರೆ ಎಳೆದೆ. ಇಪ್ಪತ್ತೇಳು ಎಂದು ಬರೆದು ಸುತ್ತು ಹಾಕಿದೆ. ಪಾಸಾಗಲು ಮೂವತ್ತೈದು ಬೇಕಿತ್ತು.

ಆ ಸಂಜೆಯ ಪಾನಕ ಈಗಲೂ ನಾಲಿಗೆಯ ಮೇಲಿದೆ. ಮೆಣಸಿನ ಖಾರ, ಏಲಕ್ಕಿ, ಮಡಕೆಯ ತಂಪು. ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ಪಿಟೀಲು ಶ್ರುತಿ ಮಾಡುವುದನ್ನು ಕೇಳುತ್ತ, ಇಂಥ ಊರು ಬಿಟ್ಟು ಹೇಗಪ್ಪಾ ಇರೋದು ಎಂದು ಕಣ್ಣು ತುಂಬಿಕೊಂಡಿದ್ದೆ. ಆ ನೆನಪು ಇಷ್ಟು ಸಿಹಿಯಾಗಿ ಉಳಿದಿದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಸೊಪ್ಪು ಸುತ್ತಲು ಅಕ್ಕನಿಗೆ ಹಳೆಯ ಪೇಪರು ಬೇಕು. ಡೆಸ್ಕಿನ ಮೇಲೆ ಹಾಸಿಕೊಂಡಿದ್ದ ಪೇಪರುಗಳನ್ನು ದಿನವೂ ಮಡಿಸಿ ತಂದುಕೊಡುತ್ತಿದ್ದೆ. ಮಾರನೇ ದಿನ ಬೆಳಗ್ಗೆ ಮೆಂತ್ಯದ ಕಟ್ಟು ಕಾಲ ಬಳಿ ಇಟ್ಟುಕೊಂಡು ಕೂತಿದ್ದವಳು ಕೂಗಿದಳು: "ಇದೇನ್ಲಾ ಇದು, ಪೇಪರ್ ಮಧ್ಯ? ಯಾರೋ ಮಗು ಲೆಕ್ಕ ಮಾಡ್ಯದೆ. ಎಷ್ಟು ಮುದ್ದಾಗ್ಯದೆ ನೋಡು ಅಕ್ಷರ!"

ಬಗ್ಗಿ ನೋಡಿದೆ: ಅದೇ ನೀರು ಬೆರೆಸಿದ ಶಾಯಿ, ಮೂಲೆಯಲ್ಲಿ ನಿನ್ನ ನಂಬರು. ಎರಡು ಲೆಕ್ಕ, ಒಂದು ಪ್ರಮೇಯ—ವೃತ್ತದ ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂಬುದು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಕಣ್ಣಲ್ಲೇ ಎಣಿಸಿದೆ. ಪಾಸಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. "ಯಾರ್ದೋ ಹಳೇದು ಅಕ್ಕಾ" ಎಂದು ಅವಳ ಕೈಯಿಂದ ಕಿತ್ತುಕೊಂಡೆ.

ಉತ್ತರದ ಹಾಳೆ ಕ್ಯಾಂಪಿನಿಂದ ಹೊರಗೆ ಹೋಯಿತೆಂದರೆ ಕೆಲಸಕ್ಕೇ ಸಂಚಕಾರ. ವರ್ಗದ ಮಾತಂತೂ ಮುಗಿದ ಹಾಗೆಯೇ. ಆದರೂ ಕೇಳು—ಕಟ್ಟುಗಳು ಇನ್ನೂ ಮೇಷ್ಟ್ರ ಕೋಣೆಯಲ್ಲೇ ಇದ್ದವು. ಸೀಲಾಗಿ ಬೋರ್ಡಿಗೆ ಹೋಗುವುದು ಸಂಜೆಗೆ. ಇಡೀ ದಿನ ನನ್ನ ಕೈಯಲ್ಲಿತ್ತು, ನಿನ್ನ ಹಾಳೆ ನನ್ನ ಅಂಗಿಯೊಳಗಿತ್ತು. ಮಧ್ಯಾಹ್ನ ಮೇಷ್ಟ್ರೇ ನನ್ನ ಡೆಸ್ಕಿನ ಹತ್ತಿರ ಬಂದು ಕೇಳಿದರು.

"ನಿನ್ನೇದು ಎಲ್ಲಾ ಸರಿಯಾಗಿದೆ ತಾನೆ? ಸೀಲ್ ಹಾಕಿಸ್ಲಾ?"

"ಎಲ್ಲಾ ಸರಿಯಾಗಿದೆ ಸಾರ್."

ಅಷ್ಟೇ. ಅವರು ನನ್ನ ಭುಜ ಮುಟ್ಟಿ ಮುಂದೆ ಹೋದರು.

ಫಲಿತಾಂಶ ಪೇಪರಿನಲ್ಲಿ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಂಬರುಗಳ ಮೇಲೆ ಬೆರಳಾಡಿಸಿದೆ. ಐವತ್ತೇಳು ಇತ್ತು. ಐವತ್ತೊಂಬತ್ತು ಇತ್ತು. ಅದೇ ತಿಂಗಳು ನನ್ನ ವರ್ಗದ ಆದೇಶವೂ ಬಂತು. ಮಲ್ಲೇಶ್ವರದ ಶಾಲೆ. ಅಕ್ಕ ಬೀದಿಗೆಲ್ಲ ಸಕ್ಕರೆ ಹಂಚಿದಳು. ನಾನು ನಿನ್ನ ಹಾಳೆಯ ಮೇಲೆ ಕಾಲಿಟ್ಟು ಊರಿಗೆ ಬಂದೆ.

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನಡೆಯುವಾಗ, ಹೊಸ ಮಕ್ಕಳಿಗೆ ಅದೇ ಪ್ರಮೇಯ ಕಲಿಸುವಾಗ ನೀನು ನೆನಪಾಗುತ್ತಿದ್ದೆ. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂತೆಯಾ? ಇಲ್ಲ, ಓದು ತಲೆಗೆ ಹತ್ತಲ್ಲ ಎಂದು ಮನೆಯವರು ಬಿಡಿಸಿಬಿಟ್ಟರಾ? ಅದಕ್ಕಿಂತ ಹೆಚ್ಚಾಗಿ—ನೀನೂ ಹಾಗೆಯೇ ನಂಬಿಬಿಟ್ಟೆಯಾ? ಅಷ್ಟು ಚೆನ್ನಾಗಿ ಬರೆದೆನಲ್ಲ, ಎಲ್ಲಿ ತಪ್ಪಿದೆ ಎಂದು ಎಷ್ಟು ಸಲ ಯೋಚಿಸಿದೆಯೋ... ತಪ್ಪಿದ್ದು ನಾನು.

ಶ್ಯಾಮಣ್ಣ ಮೇಷ್ಟ್ರು ತೀರಿಕೊಂಡು ಮೂರು ವರ್ಷ. ಅವರಿಗೂ ಹೇಳಲಿಲ್ಲ. ಅವರ ಕುರ್ಚಿಗೆ ಈ ವರ್ಷ ನನ್ನನ್ನೇ ಕೂರಿಸಿದ್ದಾರೆ. ನಾಳೆ ಅದೇ ಹಾಲಿನಲ್ಲಿ ಕ್ಯಾಂಪು ಶುರು. ಎಲ್ಲೆಲ್ಲಿಂದಲೋ ಮೇಷ್ಟ್ರುಗಳು ಬಂದಿರುತ್ತಾರೆ, ಅವರಲ್ಲಿ ಊರಿಗೆ ಬಂದ ಖುಷಿಯಲ್ಲಿ ಸಂಜೆಯನ್ನೇ ಕಾಯುವ ನನ್ನಂಥವನೂ ಒಬ್ಬ ಇದ್ದೇ ಇರುತ್ತಾನೆ. ಮೊದಲ ಮಾತಾಗಿ ಈ ಹಾಳೆ ಎತ್ತಿ ಹಿಡಿದು, ನಡೆದದ್ದನ್ನು ಹೇಳುತ್ತೇನೆ. ಬೋರ್ಡಿಗೂ ಕಾಗದ ಬರೆದಿಟ್ಟಿದ್ದೇನೆ, ನಿನ್ನ ಪೂರ್ತಿ ನಂಬರಿನ ಸಮೇತ. ಆಮೇಲೆ ನನ್ನನ್ನು ಏನು ಮಾಡಬೇಕೆಂಬುದು ಅವರಿಗೆ ಸೇರಿದ್ದು.

ಇವತ್ತು ಸಂಜೆ ಟ್ರಂಕಿನಿಂದ ಹಾಳೆ ತೆಗೆದು, ಕೆಂಪು ಪೆನ್ನು ಹಿಡಿದು, ಮೊದಲ ಸಲ ತಿದ್ದಿದೆ. ಶಾಯಿ ಇನ್ನಷ್ಟು ಮಾಸಿದೆ, ಓದಲು ತೊಂದರೆಯಿಲ್ಲ. ಎರಡು ಲೆಕ್ಕಕ್ಕೆ ಐದೈದು, ಪ್ರಮೇಯಕ್ಕೆ ನಾಲ್ಕು. ಇಪ್ಪತ್ತೇಳಕ್ಕೆ ಹದಿನಾಲ್ಕು ಸೇರಿದರೆ ನಲವತ್ತೊಂದು.

ನೀನು ಪಾಸಾಗಿದ್ದೆ.