ಸುಟ್ಟ ಅಡುಗೆಮನೆಯಲ್ಲಿ ಹಲಗೆ ಹೊಡೆಸಿದ್ದು

ಮುಂಬಯಿಯ ವಡಾಲದ ನಮ್ಮ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಹಿಂದಿನ ವೈರು ಹೊತ್ತಿಕೊಂಡು ಅಡುಗೆಮನೆ ಅರ್ಧ ಸುಟ್ಟುಹೋಯಿತು. ಆಗ ಮನೆಯಲ್ಲಿದ್ದವರು ನಾನು, ಅತ್ತೆ ಇಬ್ಬರೇ. ವಾಚ್‌ಮನ್ ಓಡಿಬಂದು ಮೇನ್ ಸ್ವಿಚ್ ಆರಿಸಿ, ಬಿಲ್ಡಿಂಗಿನಲ್ಲಿಟ್ಟಿದ್ದ ಬೆಂಕಿ ಆರಿಸುವ ಸಿಲಿಂಡರಿನಿಂದ ಬೆಂಕಿ ನಂದಿಸಿದ. ನಮಗೇನೂ ಆಗಲಿಲ್ಲ. ಕಪಾಟುಗಳು ಇದ್ದಿಲಾದವು.

ಮನೆಗೆ ವಿಮೆ ಇತ್ತು. ಕಂಪನಿಗೆ ಫೋನ್ ಮಾಡಿದರೆ, ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಎಸೆಯಬೇಡಿ, ರಿಪೇರಿಗೆ ಕೈಹಾಕಬೇಡಿ ಎಂದರು. ಸರ್ವೇಯರ್ ಇವತ್ತು ನಾಳೆ ಎನ್ನುತ್ತಲೇ ಇದ್ದರು. ನನಗೂ ಅಂಥ ಅವಸರವಿರಲಿಲ್ಲ. ಹಾಲ್‌ನಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡು ಅನ್ನ, ಸಾರು ಮಾಡುತ್ತಿದ್ದೆ. ಹೇಗೂ ಹೊಸದಾಗಿ ಮಾಡಿಸಬೇಕು, ಕಪಾಟುಗಳನ್ನೆಲ್ಲ ಕಿಟಕಿಯ ಪಕ್ಕಕ್ಕೆ ತರೋಣ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಕಷ್ಟವಾದದ್ದು ಅತ್ತೆಗೆ. ಮೈಸೂರಿನಿಂದ ಮದುವೆಯಾಗಿ ಬಂದಾಗಿನಿಂದ ಅವರು ಅಡುಗೆ ಮಾಡಿದ್ದು ಅಲ್ಲೇ. ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋದ ಮೇಲೂ ಸಾಸಿವೆ, ಇಂಗು, ಉಪ್ಪು ಎಲ್ಲವೂ ಕೈಯಳತೆಯಲ್ಲೇ ಸಿಗುತ್ತಿದ್ದವು. ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಅಭ್ಯಾಸಬಲದಿಂದ ಒಳಗೆ ಹೋಗಿ ಕೈ ಚಾಚಿದ್ದಾರೆ. ಜೋತುಬಿದ್ದಿದ್ದ ಸುಟ್ಟ ಹಲಗೆ ಕಳಚಿ ಮೊಣಕೈ ತರಚಿತು. ನಾನು ಓಡಿಹೋದಾಗ ಮಸಿಯಾದ ಎರಡೂ ಕೈ ಮುಂದಕ್ಕೆ ಚಾಚಿ ನಿಂತಿದ್ದರು.

"ನಾನು ಎಲ್ಲಿದೀನಿ ಅಂತಾನೇ ಗೊತ್ತಾಗ್ತಿಲ್ಲ ಕಣೇ" ಎಂದರು.

ಗಾಯಕ್ಕಿಂತ ಆ ಮಾತು ನನ್ನನ್ನು ಕಲಕಿತು. ಅವತ್ತೇ ಸರ್ವೇಯರಿಗೆ ಫೋನ್ ಹಚ್ಚಿ, ಇನ್ನು ಕಾಯಲಾಗುವುದಿಲ್ಲ ಎಂದೆ. ಮೊದಲು ಫೋಟೋ ತೆಗೆದು ಅಪಾಯವಿರುವಷ್ಟನ್ನು ಸರಿಮಾಡಿಸಿಕೊಳ್ಳಿ, ಸುಟ್ಟದ್ದನ್ನು ಎಸೆಯಬೇಡಿ ಎಂದು ಅವರು ಒಪ್ಪಿಕೊಂಡರು. ನನ್ನ ಗಂಡ ಆ ಮಾತನ್ನು ಮೆಸೇಜಿನಲ್ಲೂ ಬರೆಸಿಕೊಂಡರು.

ಕಲಬುರಗಿ ಕಡೆಯ ಬಡಗಿಯೊಬ್ಬ ಬಂದ. ಸುಟ್ಟ ಹಲಗೆಗಳನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬಿಸಿ ಬಾಲ್ಕನಿಯಲ್ಲಿಟ್ಟೆವು. ಡಬ್ಬಿಗಳನ್ನಿಡಲು ಸದ್ಯಕ್ಕೆಂದು ತಂದಿದ್ದ ಹೊಸ ಹಲಗೆ ಹಿಡಿದು ಆತ, "ಅಕ್ಕಾರ, ಇದನ್ನ ಎಲ್ಲಿ ಹೊಡೀಲಿ?" ಎಂದು ಕೇಳಿದ. ನಾನು ಕಿಟಕಿಯತ್ತ ಕೈ ತೋರಿಸಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಅದು ಕಾಣುವಂತಿರಲಿಲ್ಲ. ಆದರೂ ಮೆಲ್ಲಗೆ, "ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡಿಸಮ್ಮ. ನಾನಿನ್ನು ಒಳಗೆ ಬರೋದಿಲ್ಲ" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೇ ಹಾಗಂದರು.

ನಾನು ಅವರ ಕೈ ಹಿಡಿದು ಒಳಗೆ ಕರೆತಂದೆ. ಬಾಗಿಲ ಚೌಕಟ್ಟಿನಿಂದ ಗೇಣು ಹಾಕುತ್ತ ಹೋಗಿ ಹಳೆಯ ಕಪಾಟಿದ್ದ ಜಾಗದಲ್ಲೇ ಅಂಗೈ ಊರಿದರು. ಬಡಗಿ ಅಲ್ಲೇ ಮೊಳೆ ಹೊಡೆದ. ನನಗೆ ನಿರಾಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

ಸರ್ವೇಯರ್ ಕೊನೆಗೂ ಬಂದು ಚೀಲ ಬಿಚ್ಚಿಸಿ ನೋಡಿ ಹೋದರು. ಕಪಾಟು ಹಳೆಯದೆಂದು ಒಂದಷ್ಟು ಕಳೆದು ಉಳಿದ ಹಣವನ್ನು ಕಂಪನಿಯವರು ಕೊಟ್ಟರು. ಹೊಸ ಕಪಾಟುಗಳು ಅತ್ತೆ ತೋರಿಸಿದ ಜಾಗದಲ್ಲೇ ಕೂತವು. ಹೊಸ ಬಣ್ಣದ ವಾಸನೆ ಮಾತ್ರ ಅವರಿಗೆ ಒಗ್ಗಲಿಲ್ಲ. ಕೆಲವು ದಿನ ಮೂಗಿಗೆ ಸೆರಗು ಹಿಡಿದುಕೊಂಡೇ ಹುಳಿ ಕದಡುತ್ತಿದ್ದರು.