ಅಡುಗೆಮನೆಯ ಕಿಂಡಿಗೆ ಕೂಗಿದ ಮಾತು

ಮೊಮ್ಮಗಳು ಸ್ಪ್ಯಾನಿಷ್ ಭಾಷೆ, ಅಲ್ಲಿಯ ಸಂಸ್ಕೃತಿ ಕಲಿಯಲೆಂದು ಒಂದು ಸೆಮಿಸ್ಟರ್ ಸ್ಪೇನಿಗೆ ಹೊರಟಾಗ ನನಗೆ ಬಂದದ್ದು ಸಿಟ್ಟು. ಅಜ್ಜನ ಭಾಷೆ ಬೇಡವಾದವಳಿಗೆ ಸಮುದ್ರದಾಚೆಯ ಭಾಷೆ ಬೇಕಾಯಿತಲ್ಲ ಎಂದು. ಅವಳಿಗೆ ಕನ್ನಡ ಬೇಡವಾಗುವಂತೆ ಮಾಡಿದವನು ನಾನೇ ಎಂದು ಆಗ ಯಾರಾದರೂ ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದವನು. ತ್ರಿಪ್ಲಿಕೇನಿನ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಸಪ್ಲೈಯರ್ ಆಗಿದ್ದೆ. ಗಿರಾಕಿಗಳೊಡನೆ ತಮಿಳು. ಆದರೆ ಅಡುಗೆಮನೆಯ ಕಿಂಡಿಗೆ ಆರ್ಡರ್ ಕೂಗುವುದು ಮಾತ್ರ ಕನ್ನಡದಲ್ಲಿ, ಯಾಕೆಂದರೆ ಒಲೆಯ ಮುಂದಿದ್ದವರೆಲ್ಲ ನಮ್ಮ ಊರಿನವರೇ. ಮೊಮ್ಮಗಳಿಗೆ ಐದು ವರ್ಷವಿರುವಾಗ ಒಂದು ದಿನ ಅವಳನ್ನು ಕಿಂಡಿಯ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿ, "ಇವತ್ತು ನೀನೇ ಕೂಗು ಕಾಂಬ" ಎಂದೆ. ಅವಳು ಎದೆಯುಬ್ಬಿಸಿ, "ಒಂದು ಮಸಾಲೆ ದೋಸೆ ವೇಣುಂ, ಸೀಕ್ರಂ ಕೊಡಿ" ಎಂದು, ಬೇಕು, ಬೇಗ ಎನ್ನುವಲ್ಲಿ ತಮಿಳು ಬೆರೆಸಿ ಕೂಗಿದಳು. ಅಡುಗೆಯವರು ನಕ್ಕರು, ದೋಸೆ ಕೊಟ್ಟರು. ಅವರ ಮಟ್ಟಿಗೆ ಅದು ಅಲ್ಲಿಗೇ ಮುಗಿಯಿತು.

ನಾನು ಮುಗಿಸಲಿಲ್ಲ. ಮನೆಗೆ ಬಂದ ನೆಂಟರ ಮುಂದೆ, ಮದುವೆಮನೆಗಳ ಪಂಕ್ತಿಯಲ್ಲಿ, ಅವಳದೇ ದನಿ ಮಾಡಿ ಆ ಮಾತನ್ನು ಆಡಿ ತೋರಿಸಿದೆ. ಎಲ್ಲರೂ ನಗುತ್ತಿದ್ದರು. ಅವಳು ಬಾಗಿಲ ಬಳಿ ನಿಂತು ಕೇಳುತ್ತಿದ್ದಳು, ಅದೂ ನನಗೆ ಕಾಣುತ್ತಿತ್ತು. ಕನ್ನಡದಲ್ಲಿ ಉತ್ತರ ಕೊಡುವುದನ್ನು ಅವಳು ಯಾವಾಗ ಬಿಟ್ಟಳೋ ತಿಳಿಯದು. ಮುಂದೆ ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಹೇಳುವುದು ರೂಢಿಯಾಯಿತು.

ಅವಳು ಹೋದ ಮೇಲೆ ಹಗಲು ಹೊತ್ತು ಮನೆಯಲ್ಲಿ ನಾನೊಬ್ಬನೇ. ಮಗ, ಸೊಸೆ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ನಾಲ್ಕು ಗಂಟೆಗೆ ಕಾಲೇಜಿನಿಂದ ಬಂದು ಕಾಫಿ ಬೆರೆಸುತ್ತಿದ್ದವಳು ಅವಳು. ಈಗ ನಾನೇ ಬೆರೆಸಿಕೊಳ್ಳುತ್ತೇನೆ. ಎಷ್ಟೋ ದಿನ ಕೈ ತಪ್ಪಿ ಎರಡು ಲೋಟ ತೆಗೆದಿಟ್ಟಿದ್ದೇನೆ.

ಒಂದು ಭಾನುವಾರ ಅವಳೇ ವಿಡಿಯೋ ಕಾಲ್ ಮಾಡಿ, "ಅಜ್ಜನಿಗೆ ಫೋನ್ ಕೊಡಮ್ಮ" ಎಂದು ಸೊಸೆಗೆ ತಮಿಳಿನಲ್ಲಿ ಹೇಳಿದಳು. ಆಮೇಲೆ ನನ್ನತ್ತ ನೋಡಿ, ತಡೆತಡೆದು ಕನ್ನಡದಲ್ಲಿ ಶುರುಮಾಡಿದಳು: "ಅಜ್ಜ, ನಮ್ಮ ಕ್ಲಾಸಲ್ಲಿ ಒಂದು ಪಾಠ. ಮನೆಯ ದೊಡ್ಡವರು ಹೊಸ ಊರಿಗೆ ಬಂದ ಮೊದಲ ದಿನದ ಕತೆ ನಾವು ಸ್ಪ್ಯಾನಿಷಲ್ಲಿ ಹೇಳಬೇಕು. ನೀವು ಮದ್ರಾಸಿಗೆ ಬಂದ ದಿನ..."

ನಾನು ಪೂರ್ತಿ ಕೇಳಲಿಲ್ಲ. "ಅಯ್ಯೋ ಮಾರಾಯ್ತಿ, ಸ್ಪೇನಿಗೆ ಹೋದ ಮೇಲೆ ಕನ್ನಡ ಬಂತಾ ನಿಂಗೆ" ಎಂದು ನಕ್ಕು, ಮಗನ ಕಡೆ ತಿರುಗಿ, "ಒಂದು ಮಸಾಲೆ ದೋಸೆ ವೇಣುಂ" ಎಂದೆ, ಅದೇ ಹಳೆಯ ದನಿಯಲ್ಲಿ.

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಸರಿ ಅಜ್ಜ, ಅಪ್ಪುರಂ ಪೇಸುರೇನ್" ಎಂದಳು. ಆಮೇಲೆ ಮಾತಾಡುತ್ತೇನೆ ಎಂದು. ಆದರೆ ಮಾತಾಡಲಿಲ್ಲ.

ಸೊಸೆ ತಟ್ಟೆ ಎತ್ತುತ್ತಾ ಮೆಲ್ಲಗೆ ಹೇಳಿದಳು: "ಮಾವ, ಆ ನಾಲ್ಕು ಸಾಲಿಗೆ ಅವಳು ಒಂದು ವಾರದಿಂದ ನನ್ನ ಹತ್ರ ಹೇಳಿಸ್ಕೊಂಡು ಅಭ್ಯಾಸ ಮಾಡಿದ್ಲು."

ಮೂರು ವಾರ, ಮನೆಗೆ ಫೋನ್ ಮಾಡಿದಾಗಲೂ, ಅವಳು ನನ್ನನ್ನು ಕೇಳಲಿಲ್ಲ. ಆ ಪಾಠಕ್ಕೆ ತಾಯಿಯ ತಾಯಿಯ ಕತೆ ಹೇಳಿ ಮುಗಿಸಿದಳೆಂದು ಮಗನಿಂದ ತಿಳಿಯಿತು. ನನ್ನ ಕತೆಗೆ ಇನ್ನು ಉಪಯೋಗವಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಫೋನು ಹಿಡಿದು, ಆ ಮೊದಲ ದಿನದ ಕತೆಯನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿ, ಅಳಿಸಿ, ಮತ್ತೆ ಹೇಳಿ ಅವಳಿಗೆ ಕಳಿಸಿದೆ.

ಹೋಟೆಲಿಗೆ ಸೇರಿದ ಮೊದಲ ದಿನ ಒಂದು ಟೇಬಲಿನವರು ನನ್ನ ತಮಿಳು ಕೇಳಿ ನಕ್ಕರು, ಮತ್ತೆ ಮತ್ತೆ ಹೇಳಿಸಿ ನಕ್ಕರು. ನಾನು ಪಾತ್ರೆ ತೊಳೆಯುವ ಕಡೆ ಹೋಗಿ ಅತ್ತೆ. ಹಿರಿಯ ಸಪ್ಲೈಯರ್ ಒಬ್ಬರು ಬಂದು, "ನಾಳೆ ಆ ಟೇಬಲ್ಲಿಗೆ ನೀನೇ ಹೋಗ್. ನಾನ್ ಹಿಂದೆ ನಿಂತ್ಕಂತೆ" ಎಂದರು. ಹಾಗೆಯೇ ನಿಂತರು. ಇದನ್ನು ಹೆಂಡತಿಗೂ ಹೇಳಿದವನಲ್ಲ. ಕೊನೆಗೆ ಹೇಳಿದೆ: "ನಾನು ನಿನ್ನ ಹಿಂದೆ ನಿಲ್ಲಲಿಲ್ಲ ಮಗಾ. ಆ ಟೇಬಲಿನವರ ಜೊತೆ ಕೂತೆ. ತಪ್ಪಾಯ್ತು."

ಅವಳು ಕೇಳಿದ್ದಾಳೆಂದು ಎರಡು ನೀಲಿ ಗೆರೆ ತೋರಿಸಿದವು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ನಾಲ್ಕು ಗಂಟೆಗೆ ಅವಳ ದನಿ ಬಂತು. ಮೊದಲು ಯಾವುದೋ ಹೋಟೆಲಿನ ಗದ್ದಲ, ಅವಳು ಏನೋ ಕೇಳಿದ್ದು, ಒಬ್ಬ ಗಂಡಸು ಅದನ್ನು ಒಳಗೆ ಕೂಗಿ ಹೇಳಿದ್ದು. ಆಮೇಲೆ ಕನ್ನಡ: "ಅಜ್ಜ, ಇಲ್ಲೂ ಕೂಗ್ತಾರೆ, ಕೇಳ್ತಾ? ನಾನು ತಪ್ಪಾ ಹೇಳಿದೆ, ಆದ್ರೂ ಊಟ ವಂದಿಡ್ಚು. ನಿಮ್ಮದು ಕಾಫಿ ಆಯ್ತಾ?"

ಊಟ ಬಂತು ಎನ್ನುವಲ್ಲಿ ಮತ್ತೆ ತಮಿಳು. ನನ್ನ ನಾಲಿಗೆಯ ತುದಿಗೆ ಆಗಲೇ ಅವಳ ದನಿ ಬಂದು ಕೂತಿತ್ತು. ಮಗನೋ ಸೊಸೆಯೋ ಎದುರಿಗಿದ್ದಿದ್ದರೆ ಆಡಿ ತೋರಿಸಿಬಿಡುತ್ತಿದ್ದೆನೇನೋ. ಮನೆಯಲ್ಲಿ ಯಾರೂ ಇರಲಿಲ್ಲ. ಹೆಗಲ ಮೇಲಿನ ಬೈರಾಸಿನ ತುದಿಯನ್ನು ಬಾಯಿಗೆ ಒತ್ತಿಕೊಂಡೆ. ಆಮೇಲೆ, "ಆಯ್ತು ಮಗಾ" ಎಂದಷ್ಟೇ ಕಳಿಸಿದೆ. ಕಾಫಿ ಇನ್ನೂ ಬೆರೆಸಿರಲಿಲ್ಲ.