ಸಕ್ಕರೆ ಇಲ್ಲದ ಸೋಡಾಕ್ಕೆ ಆಣೆ ಇಲ್ಲ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಹಾಲಿಗೆ ಜಾಗವಿಲ್ಲ. ಅಲ್ಲಿ ನಮ್ಮ ಮನೆಯವರ ಕರಿ ಸೋಡಾದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಸಕ್ಕರೆ ಇಲ್ಲದ್ದು, ಡಯಟ್ ಸೋಡಾ. ಹಾಲಿನ ಪಾತೇಲಿ ಒಳಗೆಲ್ಲೋ ಕೊತ್ತಂಬರಿ ಕಟ್ಟಿನ ಮೇಲೆ ಓರೆಯಾಗಿ ಕೂತು ಆಗಾಗ ಚೆಲ್ಲುತ್ತದೆ. ಚೆಲ್ಲಿದಾಗಲೆಲ್ಲ ನಾನು ಕೂಗಾಡುತ್ತೇನೆ. ಅವರು ಅರಿವೆ ತಂದು ಒರೆಸುತ್ತಾರೆ. ಬಾಟಲಿಗಳು ಮಾತ್ರ ಅಲ್ಲಾಡುವುದಿಲ್ಲ.

ನಾವಿರುವುದು ಹಾವೇರಿಯಲ್ಲಿ. ಅವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ರೈತರು ತಂದ ಚೀಲ ಇಳಿಸಿಕೊಂಡು, ಖರೀದಿದಾರರಿಗೆ ತೋರಿಸಿ ಮಾರಿಸಿಕೊಡುವ ಕೆಲಸ. ನಾನು ಅಗಡಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೀಗಾಗಿ ನಮ್ಮ ಓಣಿಯಲ್ಲಿ ಯಾರಿಗೆ ಯಾವ ಗುಳಿಗೆ ಬರೆದುಕೊಟ್ಟರೂ ಮೊದಲು ನನ್ನ ಮುಂದೆ ಬರುತ್ತದೆ. ಓಣಿಗೆಲ್ಲ ಉತ್ತರ ಕೊಡುವ ನನಗೆ ನನ್ನ ಫ್ರಿಜ್ಜಿನ ಬಾಗಿಲಿನ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಇದನ್ನು ದಿನಕ್ಕೆ ಎರಡು ದೊಡ್ಡ ಬಾಟಲಿ, ಪೇಟೆಯಲ್ಲಿ ಹರಾಜಿನ ಟೆಂಡರ್ ಇದ್ದ ದಿನ ಮೂರು, ಹೀಗೆ ವರ್ಷಗಟ್ಟಲೆ ಕುಡಿದ ಮನುಷ್ಯನಿಗೆ ಏನಾದರೂ ಆಗುತ್ತದೋ ಇಲ್ಲವೋ?

ಬಿಡಿಸಿಬಿಡು ಎಂದು ನೀವು ಹೇಳಬಹುದು. ತವರಿನವರೂ ಅದನ್ನೇ ಹೇಳುತ್ತಾರೆ. ಆದರೆ ಈ ಸೋಡಾ ಬರುವ ಮೊದಲು ಆ ಕೈಯಲ್ಲಿ ಏನಿತ್ತು ಎಂಬುದು ತವರಿನವರಿಗೆ ಗೊತ್ತಿಲ್ಲ. ಸೆರೆಯ ಬಾಟಲಿ ಇತ್ತು, ಕುಡಿತವಿತ್ತು. ಅಂಗಡಿಯ ಕದ ಹಾಕಿದ ಮೇಲೆ ಅಲ್ಲೇ ಹಿಂದಿನ ಗೋದಾಮಿನಲ್ಲಿ ಶುರುವಾದದ್ದು, ಆಮೇಲೆ ಕದ ಹಾಕುವ ಮೊದಲೇ ಶುರುವಾಗತೊಡಗಿತು. ಆ ದಿನಗಳ ಬಗ್ಗೆ ಬಹಳ ಬರೆಯುವ ಮನಸ್ಸಿಲ್ಲ. ಅವರು ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ಮನೆಗೆ ಬಂದು ಸುಮ್ಮನೆ ಅಳುತ್ತಿದ್ದರು. ಅದನ್ನು ನೋಡುವುದಕ್ಕಿಂತ ಎರಡು ಏಟು ತಿನ್ನುವುದೇ ವಾಸಿ ಎನಿಸುತ್ತಿತ್ತು.

ಒಂದು ರವಿವಾರ ತಾವಾಗಿಯೇ ಎದ್ದು, ಜಳಕ ಮಾಡಿ, ನನ್ನನ್ನು ಕರೆದುಕೊಂಡು ದೇವರಗುಡ್ಡಕ್ಕೆ ಹೋದರು. ರಾಣೆಬೆನ್ನೂರು ದಾಟಿ ಹೋಗಬೇಕು. ಗುಡಿಯಲ್ಲಿ ಎರಡೂ ಕೈಯಲ್ಲಿ ಭಂಡಾರ ಹಿಡಿದು, ಇನ್ನು ಸೆರೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಭಂಡಾರವೆಂದರೆ ಆ ದೇವರ ಅರಿಷಿಣ ಪುಡಿ. ಅದನ್ನು ಹಿಡಿದು ಆಡಿದ ಮಾತಿಗೆ ತಪ್ಪಿದವನು ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಅರಿಷಿಣದಲ್ಲಿ ಏನೇನಿದೆ ಎಂದು ಪಾಠ ಹೇಳುವ ನಾನು ಅದನ್ನೆಲ್ಲ ನಂಬುವವಳಲ್ಲ. ಆದರೆ ಅವರು ನಂಬಿದರು, ಸೆರೆ ನಿಂತಿತು. ಬರುವಾಗ ತಂದ ಭಂಡಾರ ಒಂದು ಸಣ್ಣ ಹಿತ್ತಾಳೆ ಡಬ್ಬಿಯಲ್ಲಿ ಇವತ್ತಿಗೂ ನಮ್ಮ ದೇವರ ಜಗಲಿಯ ಮೇಲಿದೆ.

ಸೆರೆ ನಿಂತಿತು, ಕೈ ನಿಲ್ಲಲಿಲ್ಲ. ಮೆಣಸಿನಕಾಯಿ ಪೇಟೆಯ ಘಾಟು ಗೊತ್ತಿದ್ದವರಿಗೆ ಗೊತ್ತು. ಗಂಟಲು ಇಡೀ ದಿನ ಕೆರೆಯುತ್ತದೆ, ಏನಾದರೂ ತಣ್ಣಗಿನದು ಬೇಕೆನಿಸುತ್ತದೆ. ಅವರು ಸಿಹಿ ಸೋಡಾ ಹಿಡಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ನಾನೇ ಕಿರಾಣಿ ಸಾಮಾನಿನ ಜೊತೆ ತರುತ್ತಿದ್ದೆ. ವರ್ಷ ತುಂಬುವಷ್ಟರಲ್ಲಿ ಶುಗರ್ ಬಂತು. ಆಗ ಔಷಧಿ ಅಂಗಡಿಯಲ್ಲಿ ನಿಂತಿದ್ದ ಯಾರೋ ಒಬ್ಬರು ಈ ಡಯಟ್ ಸೋಡಾದ ದಾರಿ ತೋರಿಸಿದರಂತೆ. ಆ ಪುಣ್ಯಾತ್ಮ ಯಾರೆಂದು ಇನ್ನೂ ಪತ್ತೆಯಾಗಿಲ್ಲ.

ಅಂದಿನಿಂದ ನಮ್ಮ ಬಳಗಕ್ಕೆಲ್ಲ ಅದು ಪಾನಕವಲ್ಲ, ಔಷಧ. ಒಮ್ಮೆ ಜ್ವರ ಬಂದು ಅವರು ಮೂರು ದಿನ ಆಸ್ಪತ್ರೆಯಲ್ಲಿದ್ದರು. ನಮ್ಮಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲವಲ್ಲ. ಶುಗರ್ ಇದ್ದವರಿಗೆ ಬಿಸ್ಕೀಟು ಬೇಡ, ಬಾಳೆಹಣ್ಣು ಬೇಡ, ಮತ್ತೇನು ಒಯ್ಯುವುದು? ಬಂದವರೆಲ್ಲ ಕೈಚೀಲದಿಂದ ಒಂದೊಂದು ಕರಿ ಬಾಟಲಿ ತೆಗೆದು ಮಂಚದ ಕೆಳಗೆ ಇಟ್ಟರು. ಗುತ್ತಲದಿಂದ ಬಂದ ನಾದಿನಿಯಂತೂ ಎರಡು ತಂದಿದ್ದಳು.

“ವೈನಿ, ಅಣ್ಣಗ ಇದನ್ನಽ ಕೊಡ್ರಿ. ಇದರಾಗ ಏನೂ ಇರೂದಿಲ್ಲಂತ,” ಎಂದಳು.

“ಏನೂ ಇರದಿದ್ರ ನೀರು ಕುಡಿಯಾಕ ಏನಾಗೇತಿ?” ಎಂದೆ.

“ನೀರಿನ ರುಚಿ ಬ್ಯಾರೆ ಅಲ್ರಿ,” ಎಂದಳು. ಅವಳ ಅಣ್ಣ ಮಂಚದ ಮೇಲೆ ಮಲಗಿದ್ದಲ್ಲೇ ಹೌದೌದು ಎಂದು ತಲೆಯಾಡಿಸಿದರು.

‘ಏನೂ ಇಲ್ಲ’ ಎಂಬುದೇ ಅದರ ದೊಡ್ಡ ಗುಣವಾಗಿಬಿಟ್ಟಿತು. ಸೋಮವಾರ ಒಪ್ಪತ್ತು ಇರುವ ಮನುಷ್ಯ ಚಹಾ ಕೂಡ ಮುಟ್ಟುವುದಿಲ್ಲ, ಇದನ್ನು ಮಾತ್ರ ಕುಡಿಯುತ್ತಾರೆ. ಏನೂ ಇಲ್ಲದ್ದನ್ನು ಕುಡಿದರೆ ಉಪವಾಸ ಹೇಗೆ ಮುರಿಯುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ದೇವರ ಪರವಾಗಿ ವಾದಿಸುವ ಕೆಲಸ ಕೊನೆಗೆ ವಿಜ್ಞಾನದ ಟೀಚರಿಗೆ ಬಂತು.

ನನಗೆ ಭಯ ಹುಟ್ಟಿಸಿದ್ದು ಖಡಕ್ ರೊಟ್ಟಿ. ಅವರು ಎಳೆಯ ಹುಡುಗನ ಹಾಗೆ ಕಟಂ ಕಟಂ ಎಂದು ರೊಟ್ಟಿ ಮುರಿದು ತಿನ್ನುತ್ತಿದ್ದವರು. ಒಂದು ದಿನ ನೋಡುತ್ತೇನೆ, ರೊಟ್ಟಿಯನ್ನು ಬೇಳೆಯಲ್ಲಿ ಮುಳುಗಿಸಿ ಮೆತ್ತಗೆ ಮಾಡಿಕೊಳ್ಳುತ್ತಿದ್ದಾರೆ. ಕೇಳಿದರೆ ಹಲ್ಲು ಜುಂ ಅನ್ನುತ್ತದೆ ಎಂದರು. ನಿದ್ದೆಯೂ ಕಡಿಮೆಯಾಗಿತ್ತು. ಅವರನ್ನು ಎಳೆದುಕೊಂಡು ರಾಣೆಬೆನ್ನೂರಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ನೋಡಿದವರೇ ಏನು ಕುಡಿಯುತ್ತೀರಿ ಎಂದು ಕೇಳಿದರು.

“ಅದರಾಗ ಸಕ್ಕರಿ ಇಲ್ರಿ,” ಎಂದರು ನಮ್ಮವರು, ಗೆದ್ದವರ ಹಾಗೆ.

“ಹಲ್ಲು ತಿಂದದ್ದು ಸಕ್ಕರಿ ಅಲ್ರಿ, ಹುಳಿ. ಮ್ಯಾಲಿನ ಹೊದಿಕಿ ತೆಳ್ಳಗಾಗೇತಿ, ಅದು ತಿರುಗಿ ಬರೂದಿಲ್ಲ. ಮುಂಜಾನಿಂದ ಸಂಜಿತನಾ ಗುಟುಕು ಗುಟುಕು ಕುಡಿಯೂದು ಎಲ್ಲಾಕಿಂತ ಕೆಟ್ಟ. ಬಿಡಾಕ ಆಗೂದಿಲ್ಲಂದ್ರ ಊಟದ ಜೋಡಿ, ಸ್ಟ್ರಾ ಹಾಕ್ಕೊಂಡಾದ್ರೂ ಕುಡೀರಿ.”

ಹೊರಗೆ ಬಂದ ಮೇಲೆ, “ಮೆಣಸಿನಕಾಯಿ ಪ್ಯಾಟ್ಯಾಗ ನಾ ಸ್ಟ್ರಾ ಹಿಡಕೊಂಡು ಕುಂದ್ರಲೇನು? ಮಂದಿ ನಗಂಗಿಲ್ಲಾ?” ಎಂದರು. ನಾನು ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟು ಸ್ಟ್ರಾ ಕೊಂಡು ಅವರ ಚೀಲಕ್ಕೆ ಹಾಕಿದೆ. ಅದು ಬಿಚ್ಚದೆ ಹಾಗೇ ಅಡುಗೆಮನೆಯ ಗೂಡಿಗೆ ಬಂದು ಸೇರಿತು.

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಕೋಳಿತತ್ತಿಯ ಸಿಪ್ಪೆಯನ್ನು ಅದೇ ಸೋಡಾದಲ್ಲಿ ನೆನೆಯಿಟ್ಟೆ, ಆಮ್ಲದ ಪಾಠಕ್ಕೆಂದು. ಕೆಲವು ದಿನಕ್ಕೆ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ಉದುರತೊಡಗಿತು. ತತ್ತಿ ಎಂದರೆ ಮಾರು ದೂರ ಸರಿಯುವ ಮನೆ ನಮ್ಮದು. ಆದರೂ ಆ ಸಿಪ್ಪೆಯನ್ನು ಬಾಟಲಿ ಸಮೇತ ಮನೆಗೆ ತಂದು ಅವರ ಮುಂದೆ ಹಿಡಿದೆ. ಅವರು ಚಾಳೀಸು ಹಾಕಿಕೊಂಡು ಬಹಳ ಹೊತ್ತು ನೋಡಿ, “ನಾ ತತ್ತಿ ಅಲ್ಲಲ್ಲ,” ಎಂದರು. ನನಗೂ ನಗು ಬಂತು. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು ಎಂಬುದೇ ನನ್ನ ಸಂಕಟ.

ಹಲ್ಲಿನ ಮಾತು ಖಾತ್ರಿ, ಉಳಿದದ್ದು? ಶುಗರ್ ತೋರಿಸುವ ಹಾವೇರಿಯ ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋಗಿ ಕೂತೆ. ಬಹಳ ತಿಳಿದ ಹೆಂಗಸು. ಬೈದುಬಿಡುತ್ತಾರೆ, ಆ ಬೈಗುಳವನ್ನು ಹಾಗೇ ಹೊತ್ತುಕೊಂಡು ಹೋಗಿ ನಮ್ಮವರ ಮುಂದೆ ಸುರಿಯುತ್ತೇನೆ ಎಂದುಕೊಂಡಿದ್ದೆ. ಅವರು ಬೈಯಲೇ ಇಲ್ಲ.

“ಸಕ್ಕರಿ ಸೋಡಾಕಿಂತ ಇದು ಚಲೋರಿ. ದಿನಕ್ಕ ಒಂದು ಗ್ಲಾಸ್ ಕುಡದ್ರ ನಾ ಏನೂ ಅನ್ನೂದಿಲ್ಲ. ಇಷ್ಟು ಕುಡಿಯೂದು ಬರೋಬರಿ ಅಲ್ಲ, ಕಡಿಮಿ ಮಾಡಸ್ರಿ. ಅದರಾಗ ಚಹಾದಾಗ ಇದ್ದಂಗ ನಿದ್ದಿ ಕೆಡಸೂ ಅಂಶ ಐತಿ.”

“ಎಲುವು, ಕಿಡ್ನಿ, ಹಾರ್ಟು? ಮೊಬೈಲ್ನ್ಯಾಗ ಏನೇನೋ ಬರೀತಾರಲ್ರಿ.”

“ಸಂಶಯ ಐತ್ರಿ, ಖಾತ್ರಿ ಇಲ್ಲ. ಭಾಳ ಕುಡಿಯೋರೊಳಗ ರೋಗ ಜಾಸ್ತಿ ಕಾಣತೈತಿ, ಖರೇ. ಆದ್ರ ಶುಗರ್ ಬಂದವರು, ಮೈ ಬಂದವರೇ ಇದನ್ನ ಹಿಡೀತಾರಲ್ಲ. ಯಾವುದರಿಂದ ಯಾವುದು ಬಂತಂತ ಬಿಡಿಸಿ ಹೇಳೂದು ಕಷ್ಟ.” ಆಮೇಲೆ ಕೇಳಿದರು, “ಮೊದಲ ಏನು ಕುಡೀತಿದ್ರು?”

ಹೇಳಿದೆ. ಅವರು ಪೆನ್ನನ್ನು ಟೇಬಲ್ಲಿನ ಮೇಲಿಟ್ಟರು. “ಹಂಗಾರ ಸಾವಕಾಶ ಮಾಡ್ರಿ,” ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ನನಗೆ ಅವರ ಮೇಲೆ ಸಿಟ್ಟು ಬಂತು. ಖಾತ್ರಿ ಇಲ್ಲ ಎಂದು ಹೇಳಲು ಇಷ್ಟೊಂದು ಓದಬೇಕೇ? ವಿಷ ಎಂದಿದ್ದರೆ ಜಗಳಾಡುತ್ತಿದ್ದೆ, ನೀರು ಎಂದಿದ್ದರೆ ಸುಮ್ಮನಿರುತ್ತಿದ್ದೆ. ಎರಡರ ನಡುವೆ ನನ್ನನ್ನು ನಿಲ್ಲಿಸಿ ಕಳಿಸಿದರು. ಅವರು ಸುಳ್ಳು ಹೇಳಲಿಲ್ಲ ಎಂಬುದು ಆಟೋದಲ್ಲಿ ಕೂತ ಮೇಲೆ ಹೊಳೆಯಿತು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ.

ಸಾವಕಾಶ ಎಂಬುದು ನನ್ನ ಜಾಯಮಾನದಲ್ಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ನಮ್ಮವರಿಗೆ ಹೇಳಿ, ಮಜ್ಜಿಗೆ ಕೊಟ್ಟು ನೋಡಿದೆ. ಮಜ್ಜಿಗೆಯನ್ನೂ ಕುಡಿದರು, ಸೋಡಾವನ್ನೂ ಕುಡಿದರು. ಒಂದು ಸಂಜೆ ದೇವರ ದೀಪ ಹಚ್ಚಿದ ಮೇಲೆ ನನಗೆ ಏನನಿಸಿತೋ, ಜಗಲಿಯ ಮೇಲಿದ್ದ ಹಿತ್ತಾಳೆ ಡಬ್ಬಿ ತಂದು ಅವರ ಮುಂದೆ ಮುಚ್ಚಳ ತೆಗೆದೆ. ಒಂದು ಆಣೆ ಸೆರೆಯನ್ನು ನಿಲ್ಲಿಸಿದರೆ ಇನ್ನೊಂದು ಆಣೆ ಈ ಬಣ್ಣದ ನೀರನ್ನು ನಿಲ್ಲಿಸಲಾರದೇ? ಭಂಡಾರವನ್ನು ನಂಬದ ನಾನೇ ಹಿಡಿದು ನಿಂತಿದ್ದೆ.

“ಇದನ್ನೂ ಬಿಡತೇನಿ ಅಂತ ಹಿಡದು ಹೇಳ್ರಿ.”

ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಿಸಿ ಒಲೆಯ ಹತ್ತಿರ ಬಂದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದರು.

“ಬ್ಯಾಡ. ಸೆರೆ ಕೆಟ್ಟದ್ದು ಅಂತ ನನಗ ಗೊತ್ತಿತ್ತು, ಅದಕ್ಕ ಆಣಿ ನಿಂತೈತಿ. ಇದು ಕೆಟ್ಟೋ ಚಲೋನೋ ನಿನಗೂ ಗೊತ್ತಿಲ್ಲ, ಆ ಡಾಕ್ಟರಗೂ ಗೊತ್ತಿಲ್ಲ. ಇದರ ಮ್ಯಾಲೆ ಆಣಿ ಮಾಡಿದ್ರ ನಾ ತಪ್ಪಾಂವನ. ಭಂಡಾರ ಹಿಡದು ಒಮ್ಮೆ ತಪ್ಪಿದೆ ಅಂತ ತಿಳಿ. ನನಗ ಏನೂ ಆಗಲಿಲ್ಲ ಅಂತ ತಿಳಿ. ಆಮ್ಯಾಲೆ ಮೊದಲಿನ ಆಣಿ ಎಲ್ಲಿ ಉಳೀತು?”

ನಾನು ಡಬ್ಬಿಯನ್ನು ಹಿಂದೆ ತೆಗೆಯಲಿಲ್ಲ.

“ಕೈ ಮುಗೀತೇನಿ, ಅದನ್ನ ಒಳಗಿಡು,” ಎಂದರು. ನಿಜವಾಗಿಯೂ ಕೈ ಮುಗಿದಿದ್ದರು.

ಒಳಗಿಟ್ಟೆ. ಆದರೆ ಮರುದಿನ ಅವರು ಬ್ಯಾಡಗಿಗೆ ಹೋದ ಮೇಲೆ ಇದ್ದಬದ್ದ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆ. ಬಚ್ಚಲ ತುಂಬ ನೊರೆ ಎದ್ದಿತು. ಫ್ರಿಜ್ಜಿನ ಬಾಗಿಲಲ್ಲಿ ಹಾಲಿಟ್ಟೆ. ಸಂಜೆ ಬಂದವರು ಬಾಗಿಲು ತೆಗೆದು ಹಾಲನ್ನು ನೋಡಿದರು, ಮುಚ್ಚಿದರು. ಹೊರಗಿನಿಂದ ಬಾಟಲಿ ತರಲಿಲ್ಲ. ಆಣೆ ಮಾಡದಿದ್ದರೂ ಅವರು ನನ್ನ ಸಲುವಾಗಿ ಪ್ರಯತ್ನ ಮಾಡಿದರು, ಅದನ್ನು ಹೇಳಬೇಕು. ತಲೆನೋವೆಂದು ಹಣೆಗೆ ಅರಿವೆ ಕಟ್ಟಿಕೊಂಡರು. ಉಣ್ಣುವಾಗ ಖಾಲಿ ಗ್ಲಾಸನ್ನು ತಿರುಗಿಸುತ್ತ ಕೂತಿರುತ್ತಿದ್ದರು. ಆ ತಿರುಗಿಸುವ ರೀತಿ ನನಗೆ ಹಳೆಯ ಪರಿಚಯದ್ದು, ಸೆರೆಯ ದಿನಗಳದ್ದು. ಗೆದ್ದೆ ಎಂದುಕೊಂಡಿದ್ದ ನಾನು ಅದನ್ನು ನೋಡಿ ಹೆದರಿದೆ.

ಆ ವಾರದ ಟೆಂಡರ್ ದಿನ ಅವರು ಹೊತ್ತಿಗೆ ಬರಲಿಲ್ಲ. ಫೋನು ಎತ್ತಲಿಲ್ಲ. ಅಂಗಡಿಗೆ ಫೋನು ಮಾಡಿದರೆ ಯಾವಾಗಲೋ ಬಸ್ಸಿಗೆ ಹೊರಟರು ಎಂದರು. ನಾನು ಕಟ್ಟೆಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಓಣಿಯ ತಿರುವಿನಲ್ಲಿ ಕಂಡರು. ನೆಟ್ಟಗೆ ನಡೆಯುತ್ತಿದ್ದಾರೋ ಇಲ್ಲವೋ ಎಂದು ನನ್ನ ಕಣ್ಣು ಮೊದಲು ಕಾಲನ್ನೇ ನೋಡಿತು. ಹತ್ತಿರ ಬಂದ ಕೂಡಲೇ ಮುಖದ ಹತ್ತಿರ ಮುಖ ತಂದು ಮೂಸಿದೆ. ಎಷ್ಟೋ ವರ್ಷದ ಮೇಲೆ ಮಾಡಿದ ಕೆಲಸ. ಮೆಣಸಿನಕಾಯಿ ಘಾಟು ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಅವರು ನನಗೆ ಮೂಸಲು ಬಿಟ್ಟು ನಿಂತಿದ್ದರು.

“ಕುಡದಿಲ್ಲ,” ಎಂದರು. “ಬಸ್ ಸ್ಟ್ಯಾಂಡ್ ಕಡೆ ಆ ಬಾರ್ ಐತಲ್ಲ, ಅದರ ಎದುರಿಗೆ ನಿಂತಿದ್ದೆ. ಒಳಗ ಹೋಗಲಿಲ್ಲ.”

“ಮತ್ತ ಯಾಕ ನಿಂತ್ರಿ?”

“ಒಳಗ ಬಾಟಲಿ ಬಿಚ್ಚಾಕತ್ತಿದ್ರು. ಆ ಟುಸ್ ಅನ್ನೂ ಸಪ್ಪಳ ಕೇಳಿಕೋತ ನಿಂತೆ. ಕಾಲು ಏಳಲಿಲ್ಲ.”

ಇಷ್ಟು ಹೇಳಿ ಅವರು ಕಟ್ಟೆಯ ಮೇಲೆ ಕೂತು, ಹಿಂದೆ ಅಳುತ್ತಿದ್ದ ಹಾಗೆಯೇ ಅಳತೊಡಗಿದರು. ಒಂದು ಹನಿ ಸೆರೆ ಇಲ್ಲದೆ ಅಳುತ್ತಿದ್ದರು. ನಾನು ಒಳಗೆ ಹೋಗಿ ಪರ್ಸ್ ತೆಗೆದುಕೊಂಡು ಓಣಿಯ ಕೊನೆಯ ಅಂಗಡಿಗೆ ನಡೆದೆ. ಓಡಿದೆ ಎಂದರೂ ತಪ್ಪಿಲ್ಲ.

ಅಂಗಡಿಯವರು ನನ್ನನ್ನು ನೋಡಿ ಕೇಳದೆಯೇ ಎರಡು ಕರಿ ಬಾಟಲಿ ತೆಗೆದಿಟ್ಟರು. “ನಿಮ್ಮ ಸರ್ ಈ ವಾರ ಈ ಕಡೆ ಬರಲೇ ಇಲ್ರಿ. ಟೀಚರ್, ನಮ್ಮ ಅಪ್ಪಾಗೂ ಶುಗರ್ ಬಂದೈತ್ರಿ. ಅವರಿಗೂ ಇದನ್ನ ಹಚ್ಚಬೇಕಂತ ಮಾಡೇನಿ. ಎಷ್ಟು ಕುಡದ್ರೂ ಏನೂ ಆಗೂದಿಲ್ಲ, ಹೌದಿಲ್ರೀ?”

ಪಾಠ ಹೇಳುವ ಬಾಯಿ ಇದು. ಹಲ್ಲು, ಹುಳಿ, ನಿದ್ದೆ, ಎಲುವು, ಎಲ್ಲ ನಾಲಗೆಯ ತುದಿಗೆ ಬಂದು ನಿಂತವು. ಎರಡು ಬಾಟಲಿಗಳನ್ನು ಎದೆಗೆ ಅವುಚಿಕೊಂಡು ನಿಂತವಳು ಯಾವ ಮುಖದಿಂದ ಹೇಳಬೇಕು?

“ಅವರಿಗೆ ನೀರು ಕೊಡ್ರಿ,” ಎಂದೆ. ಅವರು ನನ್ನ ಮುಖ ನೋಡಿದರು, ಬಾಟಲಿ ನೋಡಿದರು, ಚಿಲ್ಲರೆ ಎಣಿಸಿ ಕೊಟ್ಟರು.

ಮನೆಗೆ ಬಂದು ಹಾಲನ್ನು ಮತ್ತೆ ಕೊತ್ತಂಬರಿಯ ಮೇಲಿಟ್ಟೆ. ಒಂದು ಬಾಟಲಿಯನ್ನು ಫ್ರಿಜ್ಜಿನ ಬಾಗಿಲಿಗೆ ಸೇರಿಸಿ, ಇನ್ನೊಂದನ್ನು ಅವರ ಮುಂದೆ ತಂದು ನನ್ನ ಕೈಯಾರೆ ಬಿಚ್ಚಿದೆ. ಟುಸ್ ಎಂದಿತು. ಅವರ ಭುಜ ಇಳಿದದ್ದು ಕಂಡಿತು. ಗೂಡಿನಿಂದ ಸ್ಟ್ರಾ ಕಟ್ಟು ತೆಗೆದು, ಒಂದನ್ನು ಗ್ಲಾಸಿಗೆ ಹಾಕಿದೆ.

“ಇದನ್ನ ಹಾಕ್ಕೊಂಡು ಕುಡೀರಿ,” ಎಂದೆ. “ಹಲ್ಲಾದ್ರೂ ಉಳೀಲಿ.”